ಲಸಿಕೆಯೂ ದಾದಿಯರೂ

ಎಡ್ವರ್ಡ್ ಜೆನ್ನರನು 1796ರಲ್ಲಿ ಪರೀಕ್ಷಿಸಿದ ಸಿಡುಬಿನ ಲಸಿಕೆಯು 1802ರಲ್ಲಿ ಮುಂಬಯಿಗೆ ಬಂದಿತು. ಆಗ ಅದನ್ನು ಒಂದು ಶಿಶುವಿನ ತೋಳಿನ ಗುಳ್ಳೆಯಿಂದ ಮತ್ತೊಂದು ಶಿಶುವಿಗೆ ದಾಟಿಸುತ್ತಿದ್ದರು. ಸಿಡುಬನ್ನು ಅಮ್ಮನೆಂದು ಪೂಜಿಸುತ್ತಿದ್ದ ತಾಯಂದಿರು ಪರರ ಮೈಯ ಕೀವಿಗೆ ಅಂಜಿದುದು ಸಹಜವೇ ಸರಿ. 1880ರ ಕಾಯಿದೆಯು ಕೆಲವು ಪಟ್ಟಣಗಳಲ್ಲಿ ಲಸಿಕೆಯನ್ನು ಕಡ್ಡಾಯಗೊಳಿಸಿತು. ದಂಡಭಯದಿಂದ ನಂಬುಗೆ ಹುಟ್ಟದೆ, ಎಷ್ಟೋ ಮಂದಿ ಮಕ್ಕಳನ್ನು ಅಡಗಿಸಿದರು.

ಭಾರತದಲ್ಲಿ ಸಿಡುಬು 1975ರಲ್ಲಿ ನಿಂತಿತು, ಅಂಜಿಕೆ ನಿಲ್ಲಲಿಲ್ಲ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಆರಂಭವಾದ ಮೇಲೆ ಹಳ್ಳಿಯ ದಾದಿಯರು ಅದನ್ನು ಎದುರಿಸಬೇಕಾಯಿತು. ಬಸಿರು ಬಾಣಂತನಗಳಲ್ಲಿ ಜೊತೆಗಿದ್ದ ದಾದಿಯು, “ಒಂದೆರಡು ದಿನ ಜ್ವರ ಬಂದೀತು, ಹೆದರಬೇಡಮ್ಮಾ” ಎಂದು ಮೊದಲೇ ತಿಳಿಸಿದಲ್ಲಿ, ತಾಯಿಯು ಎರಡನೆಯ ಸಲವೂ ಮಗುವನ್ನು ತರುವಳು, ಮರೆಮಾಚಿದಲ್ಲಿ ತಾರಳು. ಕಾಯಿದೆಯಿಂದ ಆಗದ ಕಾರ್ಯವು ಇಂತಹ ಸತ್ಯವಚನದಿಂದ ಆಗುತ್ತಿದೆ.