ಕಾರ್ಖಾನೆಯಲ್ಲೇ ಓವರ್‌ಕ್ಲಾಕ್ ಮಾಡಲಾದ ಗಣಕಯಂತ್ರ ಬಿಡಿಭಾಗಗಳು

ಕಾರ್ಖಾನೆ ಓವರ್‌ಕ್ಲಾಕಿಂಗ್ ಎಂದರೆ ಗಣಕಯಂತ್ರದ ಬಿಡಿಭಾಗವೊಂದನ್ನು ಅದರ ಮೂಲ ಮಾದರಿಗೆ ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಕೆಲಸ ಮಾಡುವಂತೆ ತಯಾರಕರೇ ಹೊಂದಿಸಿ ಮಾರಾಟ ಮಾಡುವ ಪದ್ಧತಿ. ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಮತ್ತು ಕೆಲವು ಪ್ರೊಸೆಸರ್‌ಗಳು ಈ ರೀತಿಯಲ್ಲಿ ಮಾರುಕಟ್ಟೆಗೆ ಬರುತ್ತವೆ. ಗ್ರಾಫಿಕ್ಸ್ ಕಾರ್ಡ್‌ಗಳ ಹೆಸರಿನ ಕೊನೆಯಲ್ಲಿ ಸಾಮಾನ್ಯವಾಗಿ ‘ಓಸಿ’ ಎಂಬ ಗುರುತು ಇರುತ್ತದೆ. ಆಟಗಳಿಗಾಗಿ ಗಣಕಯಂತ್ರವನ್ನು ಮೇಲ್ದರ್ಜೆಗೇರಿಸುವವರಿಗೆ ಇಂತಹ ಭಾಗಕ್ಕೆ ಹೆಚ್ಚಿನ ಬೆಲೆ ತೆರಬೇಕೇ ಎಂಬ ಪ್ರಶ್ನೆ ಎದುರಾಗುತ್ತದೆ. ಉತ್ತರವು ವೇಗದ ಏರಿಕೆಯ ಪ್ರಮಾಣ, ವಿದ್ಯುತ್ ಬಳಕೆ, ತಂಪುಗೊಳಿಸುವ ವ್ಯವಸ್ಥೆ, ವಾರಂಟಿ ಹಾಗೂ ಬಳಸುವ ಸ್ಥಳದ ಹವಾಮಾನವನ್ನು ಅವಲಂಬಿಸಿರುತ್ತದೆ.

ಹಿನ್ನೆಲೆ

ಪ್ರೊಸೆಸರ್ ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಮಿಡಿಯುತ್ತದೆ ಎಂಬುದನ್ನು ಅದರ ಕ್ಲಾಕ್ ಆವರ್ತನ ಎನ್ನುತ್ತಾರೆ. ಇದನ್ನು ಮೆಗಾಹರ್ಟ್ಸ್ ಅಥವಾ ಗಿಗಾಹರ್ಟ್ಸ್‌ಗಳಲ್ಲಿ ಅಳೆಯಲಾಗುತ್ತದೆ. ಮೊದಲಿಗೆ ಈ ಆವರ್ತನವನ್ನು ಹೆಚ್ಚಿಸುವ ಕೆಲಸವನ್ನು ಬಳಕೆದಾರರೇ ಮಾಡುತ್ತಿದ್ದರು. 1998ರಲ್ಲಿ ಬಿಡುಗಡೆಯಾದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಪ್ರಸಿದ್ಧ ಉದಾಹರಣೆ. 300 ಮೆಗಾಹರ್ಟ್ಸ್‌ನ ಈ ಅಗ್ಗದ ಪ್ರೊಸೆಸರ್, ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದಾಗ 450 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿತ್ತು. ಅಂದರೆ ಯಾವ ಹೆಚ್ಚುವರಿ ಖರ್ಚೂ ಇಲ್ಲದೆ ಶೇ. 50ರಷ್ಟು ವೇಗ ದೊರೆಯುತ್ತಿತ್ತು. ಮುಂದೆ ತಯಾರಕರು ತಾವೇ ವೇಗವನ್ನು ಏರಿಸಿ, ಅದನ್ನು ಒಂದು ವಿಶೇಷ ಗುಣವೆಂದು ತೋರಿಸಿ ಮಾರತೊಡಗಿದರು.

ಕಾರ್ಯವಿಧಾನ

ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳೆಲ್ಲವೂ ಸಮಾನ ಗುಣಮಟ್ಟದವಾಗಿರುವುದಿಲ್ಲ. ಕೆಲವು ಕಡಿಮೆ ವೋಲ್ಟೇಜಿನಲ್ಲೇ ಹೆಚ್ಚಿನ ವೇಗವನ್ನು ತಡೆದುಕೊಳ್ಳುತ್ತವೆ, ಕೆಲವು ಗೊತ್ತುಪಡಿಸಿದ ವೇಗಕ್ಕೆ ಮಾತ್ರ ಸಾಲುತ್ತವೆ. ತಯಾರಕರು ಚಿಪ್‌ಗಳನ್ನು ಪರೀಕ್ಷಿಸಿ ದರ್ಜೆವಾರು ವಿಂಗಡಿಸುತ್ತಾರೆ. ಗ್ರಾಫಿಕ್ಸ್ ಚಿಪ್‌ಗಳನ್ನು ವಿನ್ಯಾಸಗೊಳಿಸುವ ಎನ್‌ವಿಡಿಯಾ ಮತ್ತು ಎಎಮ್‌ಡಿ ಕಂಪನಿಗಳಿಂದ ಚಿಪ್ ಪಡೆಯುವ ಏಸುಸ್, ಎಂಎಸ್‌ಐ, ಗಿಗಾಬೈಟ್, ಜೋಟ್ಯಾಕ್ ಮುಂತಾದ ಕಂಪನಿಗಳು ಅವಕ್ಕೆ ತಮ್ಮದೇ ಫಲಕ ಮತ್ತು ಫ್ಯಾನ್‌ಗಳನ್ನು ಜೋಡಿಸಿ, ಕೆಲವು ಮಾದರಿಗಳ ವೇಗವನ್ನು ಏರಿಸಿ ಮಾರುತ್ತವೆ.

ಚಿಪ್ ಬಳಸುವ ವಿದ್ಯುತ್ತು ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆದುದರಿಂದ ಆವರ್ತನ ಮತ್ತು ವೋಲ್ಟೇಜ್ ಎರಡನ್ನೂ ಶೇ. 5ರಷ್ಟು ಹೆಚ್ಚಿಸಿದರೆ ವಿದ್ಯುತ್ ಬಳಕೆ ಸುಮಾರು ಶೇ. 16ರಷ್ಟು ಏರುತ್ತದೆ. ಬಳಸಿದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿ ಹೊರಬರುವುದರಿಂದ ದೊಡ್ಡ ಹೀಟ್‌ಸಿಂಕ್ ಮತ್ತು ಫ್ಯಾನ್‌ಗಳು ಬೇಕಾಗುತ್ತವೆ. 2013ರಲ್ಲಿ ಬಂದ ಎಎಮ್‌ಡಿ ಎಫ್‌ಎಕ್ಸ್-9590 ಪ್ರೊಸೆಸರ್ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅದೇ ವಿನ್ಯಾಸದ ಎಫ್‌ಎಕ್ಸ್-8350ರ ಮೂಲ ವೇಗ 4.0 ಗಿಗಾಹರ್ಟ್ಸ್, ಶಾಖದ ಮಿತಿ 125 ವ್ಯಾಟ್. 9590ರಲ್ಲಿ ಮೂಲ ವೇಗ 4.7 ಗಿಗಾಹರ್ಟ್ಸ್‌ಗೆ ಏರಿದರೆ, ಶಾಖದ ಮಿತಿ 220 ವ್ಯಾಟ್‌ಗೆ ತಲುಪಿತು. ವೇಗ ಶೇ. 18ಕ್ಕೂ ಕಡಿಮೆ ಹೆಚ್ಚಿದಾಗ ಶಾಖದ ಮಿತಿ ಶೇ. 76ರಷ್ಟು ಹೆಚ್ಚಿತು.

ವೇಗದ ಏರಿಕೆಯ ಪ್ರಮಾಣ

ಇಂದಿನ ಓಸಿ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ದೊರೆಯುವ ಹೆಚ್ಚಳ ಅಲ್ಪ. ಉದಾಹರಣೆಗೆ, 2021ರಲ್ಲಿ ಬಂದ ಎನ್‌ವಿಡಿಯಾ ಜಿಫೋರ್ಸ್ ಆರ್‌ಟಿಎಕ್ಸ್ 3060ರ ಗೊತ್ತುಪಡಿಸಿದ ಬೂಸ್ಟ್ ವೇಗ 1777 ಮೆಗಾಹರ್ಟ್ಸ್. ಇದೇ ಚಿಪ್ಪಿನ ಗಿಗಾಬೈಟ್ ಗೇಮಿಂಗ್ ಓಸಿ ಮಾದರಿಯಲ್ಲಿ ಅದು 1837 ಮೆಗಾಹರ್ಟ್ಸ್. ವ್ಯತ್ಯಾಸ ಶೇ. 3.4 ಮಾತ್ರ. ಸೆಕೆಂಡಿಗೆ 60 ಚಿತ್ರಚೌಕಟ್ಟುಗಳನ್ನು ತೋರಿಸುತ್ತಿದ್ದ ಆಟವು ಇದರಿಂದ ಹೆಚ್ಚೆಂದರೆ 62ನ್ನು ತೋರಿಸಬಹುದು. 60 ಹರ್ಟ್ಸ್‌ನ ಮಾನಿಟರ್ ಇದ್ದಲ್ಲಿ ಆ ಎರಡು ಚೌಕಟ್ಟುಗಳೂ ಪರದೆಯ ಮೇಲೆ ಪ್ರತ್ಯೇಕವಾಗಿ ಮೂಡುವುದಿಲ್ಲ.

2012ರ ಜಿಫೋರ್ಸ್ ಜಿಟಿಎಕ್ಸ್ 680 ಕಾರ್ಡಿನೊಂದಿಗೆ ಜಿಪಿಯು ಬೂಸ್ಟ್ ಎಂಬ ತಂತ್ರ ಬಂದ ಮೇಲೆ ಈ ವ್ಯತ್ಯಾಸ ಮತ್ತಷ್ಟು ಮಸುಕಾಗಿದೆ. ವಿದ್ಯುತ್ ಮತ್ತು ಉಷ್ಣಾಂಶಗಳು ಮಿತಿಯೊಳಗೆ ಇರುವವರೆಗೆ ಕಾರ್ಡು ತನ್ನ ವೇಗವನ್ನು ತಾನೇ ಏರಿಸಿಕೊಳ್ಳುತ್ತದೆ. ಹೀಗಾಗಿ ಗಾಳಿಯಾಡುವ ಕ್ಯಾಬಿನೆಟ್ಟಿನಲ್ಲಿರುವ ಸಾಮಾನ್ಯ ಕಾರ್ಡು, ಇಕ್ಕಟ್ಟಾದ ಕ್ಯಾಬಿನೆಟ್ಟಿನಲ್ಲಿರುವ ಓಸಿ ಕಾರ್ಡಿಗೆ ಸಮನಾಗಿ ಅಥವಾ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಬಹುದು. ಓಸಿ ಕಾರ್ಡುಗಳಲ್ಲಿ ಅನೇಕ ವೇಳೆ ನಿಜವಾದ ಲಾಭ ದೊರೆಯುವುದು ಬರೆದ ವೇಗದಿಂದಲ್ಲ, ಅದರೊಡನೆ ಬರುವ ಉತ್ತಮ ಫ್ಯಾನ್ ಮತ್ತು ಹೀಟ್‌ಸಿಂಕ್‌ಗಳಿಂದ.

ರ‍್ಯಾಮ್‌ನ ವಿಷಯ ಬೇರೆ. ಜೆಡೆಕ್ ಸಂಸ್ಥೆಯ ಮಾನದಂಡದಂತೆ ಡಿಡಿಆರ್4 ರ‍್ಯಾಮ್‌ನ ಗರಿಷ್ಠ ವೇಗ 3200, ವೋಲ್ಟೇಜ್ 1.2. ಮಾರುಕಟ್ಟೆಯಲ್ಲಿ ಸಿಗುವ 3600 ವೇಗದ ರ‍್ಯಾಮ್‌ಗಳು ಸಾಮಾನ್ಯವಾಗಿ 1.35 ವೋಲ್ಟ್‌ನಲ್ಲಿ ಕೆಲಸ ಮಾಡುವ, ಓವರ್‌ಕ್ಲಾಕ್ ಆದ ಭಾಗಗಳೇ. ಇವು ಮದರ್‌ಬೋರ್ಡಿನ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲೂ ಮಾಡುವವರೆಗೆ ಕಡಿಮೆ ವೇಗದಲ್ಲೇ ಇರುತ್ತವೆ. ಇದನ್ನರಿಯದೆ ಹೆಚ್ಚು ಬೆಲೆ ಕೊಟ್ಟ ರ‍್ಯಾಮ್ ಅನ್ನು ವರ್ಷಗಟ್ಟಲೆ ಕಡಿಮೆ ವೇಗದಲ್ಲಿ ಬಳಸುವವರೂ ಇದ್ದಾರೆ.

ಬಾಳಿಕೆ ಮತ್ತು ವಾರಂಟಿ

ಬಳಕೆದಾರರೇ ಮಾಡುವ ಓವರ್‌ಕ್ಲಾಕಿಂಗ್‌ಗೆ ಹೋಲಿಸಿದರೆ ಕಾರ್ಖಾನೆ ಓವರ್‌ಕ್ಲಾಕಿಂಗ್‌ನ ಮುಖ್ಯ ಅನುಕೂಲವೆಂದರೆ ಏರಿಸಿದ ವೇಗಕ್ಕೂ ವಾರಂಟಿ ಅನ್ವಯಿಸುವುದು. ಆದರೆ ಅವಧಿಯನ್ನು ಪರಿಶೀಲಿಸುವುದು ಅಗತ್ಯ. 2019ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಕೋರ್ ಐ9-9900ಕೆಎಸ್, ಎಲ್ಲಾ ಎಂಟು ಕೋರ್‌ಗಳಲ್ಲೂ 5 ಗಿಗಾಹರ್ಟ್ಸ್ ತಲುಪುವಂತೆ ವಿಂಗಡಿಸಿದ ಪ್ರೊಸೆಸರ್. ಇಂಟೆಲ್‌ನ ಇತರ ಪ್ರೊಸೆಸರ್‌ಗಳಿಗೆ ಮೂರು ವರ್ಷಗಳ ವಾರಂಟಿ ಇದ್ದರೆ, ಇದಕ್ಕೆ ನೀಡಿದ್ದು ಒಂದೇ ವರ್ಷ.

ಹೆಚ್ಚಿನ ವೋಲ್ಟೇಜಿನ ಅಪಾಯವು 2024ರಲ್ಲಿ ಎಲ್ಲರ ಗಮನಕ್ಕೆ ಬಂದಿತು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಪಡೆದು ಕಾಲಕ್ರಮೇಣ ಅಸ್ಥಿರವಾಗುತ್ತಿದ್ದವು. ಕಂಪನಿಯು ಆಗಸ್ಟ್ 2024ರಲ್ಲಿ ಮೈಕ್ರೋಕೋಡ್ ಪರಿಷ್ಕರಣೆಯನ್ನು ಒದಗಿಸಿ, ಬಾಧಿತ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಹಾನಿಗೊಂಡಿದ್ದ ಚಿಪ್‌ಗಳನ್ನು ಈ ಪರಿಷ್ಕರಣೆ ಸರಿಪಡಿಸಲಾರದು.

ಬೆಳಗಾವಿ ಮತ್ತು ಖಾನಾಪುರದ ಪರಿಸ್ಥಿತಿ

ಬಿಡಿಭಾಗದ ಉಷ್ಣಾಂಶವು ಕೋಣೆಯ ಉಷ್ಣಾಂಶದೊಂದಿಗೆ ಹೆಚ್ಚುಕಡಿಮೆ ಸಮವಾಗಿ ಏರುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿ ನಗರದಲ್ಲಿ ಏಪ್ರಿಲ್ ತಿಂಗಳ ಹಗಲಿನ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಅಥವಾ ರಾಯಚೂರಿಗೆ ಹೋಲಿಸಿದರೆ ಓಸಿ ಭಾಗಗಳಿಗೆ ಇಲ್ಲಿನ ಹವೆ ಅನುಕೂಲಕರ.

ನಗರದ ದಕ್ಷಿಣಕ್ಕಿರುವ ಖಾನಾಪುರ ತಾಲೂಕಿನಲ್ಲಿ ಸಮಸ್ಯೆ ಶಾಖಕ್ಕಿಂತ ಮಳೆ ಮತ್ತು ವಿದ್ಯುತ್ತಿನದು. ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಈ ತಾಲೂಕಿನ ಕಣಕುಂಬಿಯು ಮಲಪ್ರಭಾ ನದಿಯ ಉಗಮಸ್ಥಾನವಾಗಿದ್ದು, ಭಾರಿ ಮಳೆ ಬೀಳುವ ಪ್ರದೇಶ. ಮಳೆಗಾಲದ ತೇವವೂ ಬೇಸಗೆಯ ಕೆಂಪು ಧೂಳೂ ಸೇರಿ ಹೀಟ್‌ಸಿಂಕ್‌ಗಳ ಎಡೆಗಳಲ್ಲಿ ಕಟ್ಟಿಕೊಂಡರೆ ಶಾಖ ಹೊರಹೋಗುವುದಿಲ್ಲ. ಕಾಡಿನ ನಡುವೆ ಹಾದುಹೋಗುವ ತಂತಿಗಳ ಮೇಲೆ ಮರ ಬಿದ್ದಾಗ ವಿದ್ಯುತ್ ಕಡಿತ ಅನಿವಾರ್ಯ. ಈ ಪ್ರದೇಶಕ್ಕೆ ವಿದ್ಯುತ್ ಒದಗಿಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ.

ಆದುದರಿಂದ ಇಲ್ಲಿ ಯುಪಿಎಸ್‌ನ ಸಾಮರ್ಥ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಬಳಸುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ಗಳಷ್ಟು ಭಾರವನ್ನು ಮಾತ್ರ ಹೊರಬಲ್ಲದು. 170 ವ್ಯಾಟ್‌ನ ಆರ್‌ಟಿಎಕ್ಸ್ 3060, ಪ್ರೊಸೆಸರ್, ಮದರ್‌ಬೋರ್ಡ್, ಮಾನಿಟರ್ ಹಾಗೂ ಪವರ್ ಸಪ್ಲೈಯ ನಷ್ಟವನ್ನು ಕೂಡಿಸಿದರೆ ಆಟದ ವೇಳೆ ಈ ಮಿತಿಯ ಸಮೀಪಕ್ಕೆ ತಲುಪುತ್ತದೆ. ಓಸಿ ಭಾಗಗಳ ಹೆಚ್ಚುವರಿ ಬಳಕೆ ಸೇರಿದಾಗ ಕರೆಂಟು ಹೋದ ಕ್ಷಣದಲ್ಲಿ ಯುಪಿಎಸ್ ಕೈಕೊಡುವ ಸಾಧ್ಯತೆ ಇದೆ. ಅಗ್ಗದ ಪವರ್ ಸಪ್ಲೈಗಳಲ್ಲಿ ಕೆಲವು 200ರಿಂದ 240 ವೋಲ್ಟ್‌ವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ವೋಲ್ಟೇಜ್ ಇಳಿಯುವ ಕಡೆಗಳಲ್ಲಿ 100ರಿಂದ 240 ವೋಲ್ಟ್ ವ್ಯಾಪ್ತಿಯವು ಸೂಕ್ತ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಾದ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅನೇಕರಿದ್ದಾರೆ. ಇಂತಹ ವಿದ್ಯಾರ್ಥಿಗಳಿಗೆ ಗ್ರಾಫಿಕ್ಸ್ ಕಾರ್ಡು ಆಟಕ್ಕಷ್ಟೇ ಅಲ್ಲದೆ ಯಂತ್ರಕಲಿಕೆ ಮತ್ತು ತ್ರಿಆಯಾಮದ ವಿನ್ಯಾಸಕ್ಕೂ ಬೇಕಾಗುತ್ತದೆ. ಆ ಕೆಲಸಗಳಲ್ಲಿ ವೇಗದ ಜೊತೆಗೆ ಕಾರ್ಡಿನ ಸ್ಮೃತಿಯ ಗಾತ್ರವೂ ನಿರ್ಣಾಯಕ. ಓವರ್‌ಕ್ಲಾಕಿಂಗ್‌ನಿಂದ ಸ್ಮೃತಿಯ ಗಾತ್ರ ಹೆಚ್ಚುವುದಿಲ್ಲ. ಆರ್‌ಟಿಎಕ್ಸ್ 3060 ಎಂಬ ಒಂದೇ ಹೆಸರಿನಲ್ಲಿ 12 ಗಿಗಾಬೈಟ್ ಮತ್ತು 8 ಗಿಗಾಬೈಟ್ ಎಂಬ ಎರಡು ಆವೃತ್ತಿಗಳಿದ್ದು, ಎರಡನೆಯದರ ಸ್ಮೃತಿಮಾರ್ಗವೂ 192ರ ಬದಲು 128 ಬಿಟ್‌ನದು. 8 ಗಿಗಾಬೈಟ್ ಆವೃತ್ತಿಯ ಮೇಲಿನ ಓಸಿ ಗುರುತು ಈ ಕೊರತೆಯನ್ನು ತುಂಬಿಕೊಡದು.

ಖರೀದಿಯ ನಿರ್ಧಾರ

ಸಾಮಾನ್ಯ ಮತ್ತು ಓಸಿ ಮಾದರಿಗಳ ಬೆಲೆಯ ಅಂತರವನ್ನು ವೇಗದ ಅಂತರದೊಂದಿಗೆ ಹೋಲಿಸುವುದು ಸರಳ ವಿಧಾನ. ಬೆಲೆಯೂ ಶೇ. 3ರಿಂದ 4ರಷ್ಟೇ ಹೆಚ್ಚಾಗಿದ್ದು, ತಂಪುಗೊಳಿಸುವ ವ್ಯವಸ್ಥೆ ಉತ್ತಮವಾಗಿದ್ದರೆ ಓಸಿ ಮಾದರಿ ಸಮಂಜಸ. ಅಂತರ ಅದಕ್ಕಿಂತ ಹಿರಿದಾಗಿದ್ದರೆ ಅದೇ ಹಣಕ್ಕೆ ಸಿಗುವ ಇತರ ಆಯ್ಕೆಗಳನ್ನು ಪರಿಶೀಲಿಸುವುದು ಲಾಭದಾಯಕ. ಆರ್‌ಟಿಎಕ್ಸ್ 3060ರಲ್ಲಿ 3584 ಗಣನಾ ಘಟಕಗಳಿದ್ದರೆ, 3060 ಟಿಐನಲ್ಲಿ 4864 ಇವೆ. ಯಾವ ಕಾರ್ಖಾನೆ ಓವರ್‌ಕ್ಲಾಕಿಂಗ್ ಕೂಡ ಈ ಅಂತರವನ್ನು ಮುಚ್ಚಲಾರದು. ಹಳೆಯ ಪವರ್ ಸಪ್ಲೈ ಅಥವಾ ದುರ್ಬಲ ಯುಪಿಎಸ್ ಇರುವ ಮನೆಯಲ್ಲಿ ಆ ಹಣವನ್ನು ಮೊದಲು ಅವುಗಳ ಮೇಲೆ ವಿನಿಯೋಗಿಸುವುದು ಕ್ಷೇಮ.

ಬಳಸಿದ ಕಾರ್ಡುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರಿಕೆ ಬೇಕು. ಸೆಪ್ಟೆಂಬರ್ 2022ರಲ್ಲಿ ಇಥೀರಿಯಂ ಗೂಢನಾಣ್ಯದ ಗಣಿಗಾರಿಕೆ ನಿಂತಾಗ, ಹಗಲಿರುಳು ದುಡಿದ ಕಾರ್ಡುಗಳು ಮರುಮಾರಾಟಕ್ಕೆ ಬಂದವು. ಹೊಸದಾಗಲಿ ಹಳೆಯದಾಗಲಿ, ಕೊಂಡ ಮೊದಲ ದಿನಗಳಲ್ಲೇ ಗ್ರಾಫಿಕ್ಸ್ ಕಾರ್ಡನ್ನು 3ಡಿಮಾರ್ಕ್‌ನಂತಹ, ರ‍್ಯಾಮ್ ಅನ್ನು ಮೆಮ್‌ಟೆಸ್ಟ್86ರಂತಹ ತಂತ್ರಾಂಶದಿಂದ ಪರೀಕ್ಷಿಸುವುದು ರೂಢಿ. ಹೀಗೆ ಮಾಡಿದರೆ ದೋಷವಿದ್ದಲ್ಲಿ ಬದಲಾವಣೆಯ ಅವಧಿಯೊಳಗೇ ಗೊತ್ತಾಗುತ್ತದೆ.

ಗ್ರಾಹಕರ ಹಕ್ಕುಗಳು

ಜುಲೈ 20, 2020ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಬೆಂಗಳೂರಿನ ಅಂಗಡಿಯಿಂದ ಅಥವಾ ಅಂತರಜಾಲದ ಮೂಲಕ ಕೊಂಡ ದೋಷಯುಕ್ತ ಕಾರ್ಡಿನ ಬಗ್ಗೆ ಖಾನಾಪುರದ ಗ್ರಾಹಕರು ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಮೊರೆಹೋಗಲು ಇದರಿಂದ ಸಾಧ್ಯವಾಗಿದೆ. ದೂರಿಗೆ ಎರಡು ವರ್ಷಗಳ ಕಾಲಮಿತಿ ಇದ್ದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಎಸ್‌ಟಿ ಸಹಿತವಾದ ರಸೀದಿ, ಕಾರ್ಡಿನ ಕ್ರಮಸಂಖ್ಯೆ ಮತ್ತು ಪೆಟ್ಟಿಗೆಯನ್ನು ಕಾಯ್ದಿಟ್ಟುಕೊಂಡಿದ್ದರೆ ವಾರಂಟಿಗೂ ದೂರಿಗೂ ಅವು ಆಧಾರವಾಗುತ್ತವೆ.