ಕಡಿದರೂ ಚಿಗುರುವುದು: ಗೊಮ್ಮಟಸಾರದ ಸಸ್ಯವಿಚಾರ

ಕಬ್ಬು ಬೆಳೆಯುವವರು ಕಾಳು ಬಿತ್ತುವುದಿಲ್ಲ. ಎರಡು ಮೂರು ಗಿಣ್ಣುಗಳು ಉಳಿಯುವಂತೆ ಜಲ್ಲೆಯನ್ನು ತುಂಡರಿಸಿ ಸಾಲಿನಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಾರೆ. ಗಿಣ್ಣಿನ ಕಣ್ಣಿನಿಂದ ಮೊಳಕೆ ಏಳುತ್ತದೆ. ಆದರೂ ಆ ತುಂಡನ್ನು ರೈತನು ‘ಬೀಜದ ಕಬ್ಬು’ ಎಂದೇ ಕರೆಯುತ್ತಾನೆ. ನೆಡಲು ಎತ್ತಿಟ್ಟ ಶುಂಠಿಯೂ ಅವನಿಗೆ ‘ಬೀಜದ ಶುಂಠಿ’ಯೇ. ಹೂವಿನ ಗರ್ಭದಲ್ಲಿ ಕಟ್ಟಿದ ಕಾಳಿಗೆ ಮಾತ್ರವಲ್ಲ, ಸಸ್ಯದ ಯಾವ ಅಂಗದಿಂದ ಮತ್ತೊಂದು ಸಸ್ಯ ಹುಟ್ಟಬಲ್ಲುದೋ ಆ ಅಂಗಕ್ಕೆಲ್ಲ ಬೀಜವೆಂಬ ಹೆಸರು ಸಲ್ಲುತ್ತದೆಂಬ ಈ ತಿಳಿವಳಿಕೆ ಬಹಳ ಹಳೆಯದು. ಅದನ್ನು ಶಾಸ್ತ್ರದ ಕ್ರಮಕ್ಕೆ ತಂದ ಗ್ರಂಥಗಳಲ್ಲಿ ಒಂದು, ಕನ್ನಡನಾಡಿನೊಡನೆ ಬೇರ್ಪಡಿಸಲಾಗದ ಸಂಬಂಧವುಳ್ಳ ‘ಗೊಮ್ಮಟಸಾರ’.

ಗಂಗರ ಮಂತ್ರಿ ಚಾವುಂಡರಾಯನ ಕಾಲದವರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರಾಕೃತದಲ್ಲಿ ರಚಿಸಿದ ಗ್ರಂಥವಿದು. ಚಾವುಂಡರಾಯನಿಗೆ ಗೊಮ್ಮಟನೆಂಬ ಹೆಸರೂ ಇದ್ದುದರಿಂದ ಗ್ರಂಥಕ್ಕೆ ಆ ಹೆಸರು ಬಂದಿತು. ಇದರ ಮೊದಲ ಭಾಗವಾದ ಜೀವಕಾಂಡದಲ್ಲಿ ಜೀವರಾಶಿಯನ್ನು ಗತಿ, ಇಂದ್ರಿಯ, ಕಾಯ ಮೊದಲಾದ ಮಾರ್ಗಣೆಗಳಿಂದ ಪರಿಶೀಲಿಸಲಾಗಿದೆ. ಕಾಯಮಾರ್ಗಣೆಯಲ್ಲಿ ವನಸ್ಪತಿಯ ಸರದಿ ಬಂದಾಗ ಗ್ರಂಥಕಾರರು ಮರ, ಪೊದೆ, ಬಳ್ಳಿ ಎಂದು ಆಕಾರದಿಂದ ವಿಂಗಡಿಸುವುದಿಲ್ಲ; ಹೂವಿನ ಬಣ್ಣವನ್ನಾಗಲಿ ಔಷಧಗುಣವನ್ನಾಗಲಿ ಹಿಡಿಯುವುದಿಲ್ಲ. ಎಲ್ಲಿಂದ ಹುಟ್ಟುತ್ತದೆ ಎಂಬುದೊಂದೇ ಅವರ ಪ್ರಶ್ನೆ. ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ, ಬೀಜರುಹ, ಸಮ್ಮೂರ್ಛಿಮ ಎಂಬ ಏಳು ಬಗೆಗಳು ಒಂದೇ ಗಾಹೆಯಲ್ಲಿ ಅಡಕವಾಗಿವೆ. ಬೇರಿನಿಂದ ಹುಟ್ಟುವುದಕ್ಕೆ ವ್ಯಾಖ್ಯಾನಕಾರರು ಶುಂಠಿ, ಅರಿಸಿನಗಳನ್ನು ಹೆಸರಿಸುತ್ತಾರೆ. ಗಿಣ್ಣಿನಿಂದ ಹುಟ್ಟುವುದಕ್ಕೆ ಕಬ್ಬು, ಬೆತ್ತ. ಗೆಡ್ಡೆಯಿಂದ ಹುಟ್ಟುವುದಕ್ಕೆ ಸುವರ್ಣಗೆಡ್ಡೆ. ಕಾಂಡದಿಂದ ಹುಟ್ಟುವುದಕ್ಕೆ ಮುತ್ತುಗದಂತಹ ಮರ. ಕಾಳಿನಿಂದ ಹುಟ್ಟುವುದಕ್ಕೆ ಭತ್ತ, ಗೋದಿ. ತುದಿಯನ್ನು ನೆಟ್ಟರೆ ಬೆಳೆಯುವಂಥವು ಅಗ್ರಬೀಜಗಳು. ಸುತ್ತಲಿನ ಮಣ್ಣುನೀರುಗಳ ಕೂಟದಿಂದಲೇ ತಾವಾಗಿ ಏಳುವಂತೆ ತೋರುವ ಹುಲ್ಲು ಮುಂತಾದವು ಸಮ್ಮೂರ್ಛಿಮಗಳು.

ಇಂದಿನ ಸಸ್ಯಶಾಸ್ತ್ರದ ವಿದ್ಯಾರ್ಥಿ ಇಲ್ಲಿ ಒಂದೆರಡು ತಕರಾರು ತೆಗೆಯಬಹುದು. ಶುಂಠಿ ಬೇರಲ್ಲ, ನೆಲದಡಿಯಲ್ಲಿ ಅಡ್ಡಡ್ಡ ಬೆಳೆಯುವ ಕಾಂಡ. ಅದರ ಮೇಲೂ ಕಬ್ಬಿನಂತೆಯೇ ಗಿಣ್ಣುಗಳಿವೆ. ಸುವರ್ಣಗೆಡ್ಡೆಯೂ ಕಾಂಡವೇ. ತಾನಾಗಿ ಹುಟ್ಟಿದ ಹುಲ್ಲಿನ ಹಿಂದೆ ಗಾಳಿ, ನೀರು, ಹಕ್ಕಿಗಳು ತಂದು ಹಾಕಿದ ಬೀಜವೋ ಮಣ್ಣಿನಲ್ಲಿ ಉಳಿದ ಬೇರಿನ ತುಣುಕೋ ಇರುತ್ತದೆ. ತಕರಾರುಗಳು ಸರಿಯೇ. ಆದರೆ ಲಿಂಗಸಂಬಂಧವಿಲ್ಲದ ಸಂತಾನವೃದ್ಧಿಯ ಇಷ್ಟು ಬಗೆಗಳನ್ನು ಕಾಳಿನ ಸಾಲಿನಲ್ಲಿಯೇ, ಅದಕ್ಕೆ ಸಮನಾಗಿ ಕೂರಿಸಿದ ದೃಷ್ಟಿ ಹಗುರವಾದುದಲ್ಲ.

ಈ ಪಟ್ಟಿ ನೇಮಿಚಂದ್ರರ ಸ್ವಂತ ಸೃಷ್ಟಿಯೂ ಅಲ್ಲ. ವಟ್ಟಕೇರರ ‘ಮೂಲಾಚಾರ’ದಲ್ಲಿ ಇದೇ ಪಟ್ಟಿ ಇದೆ. ಶ್ವೇತಾಂಬರರ ‘ದಶವೈಕಾಲಿಕ’ದಲ್ಲಿ ಅಲ್ಪ ವ್ಯತ್ಯಾಸದೊಡನೆ ಬರುತ್ತದೆ. ಬೌದ್ಧರ ವಿನಯಪಿಟಕವು ಬೇರು, ಕಾಂಡ, ಗಿಣ್ಣು, ತುದಿ, ಕಾಳು ಎಂದು ಐದನ್ನು ಎಣಿಸಿ, ಬೇರಿಗೆ ಅರಿಸಿನ ಶುಂಠಿಗಳನ್ನು, ಗಿಣ್ಣಿಗೆ ಕಬ್ಬು ಬಿದಿರುಗಳನ್ನು ಉದಾಹರಿಸುತ್ತದೆ. ಎರಡು ಸಂಘಗಳ ಯತಿಗಳೂ ಒಂದೇ ನೆಲದ ಹೊಲಗಳ ಬದುವಿನಲ್ಲಿ ನಡೆದವರು. ಒಕ್ಕಲಿಗನ ಕಣ್ಣಿಗೆ ಕಂಡುದನ್ನೇ ಅವರೂ ಕಂಡರು.

ಆದರೆ ಕಂಡ ಉದ್ದೇಶ ಬೇರೆ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಸೀತಾಧ್ಯಕ್ಷ ಪ್ರಕರಣದಲ್ಲಿಯೂ ಕಾಂಡದಿಂದ, ಗೆಡ್ಡೆಯಿಂದ ಬೆಳೆಯುವ ಸಸ್ಯಗಳ ಮಾತು ಬರುತ್ತದೆ. ಅಲ್ಲಿ ಕತ್ತರಿಸಿದ ತುಂಡಿನ ತುದಿಗೆ ಜೇನು, ತುಪ್ಪ, ಹಂದಿಯ ಕೊಬ್ಬು, ಸಗಣಿಗಳನ್ನು ಬಳಿಯಬೇಕೆಂದು ವಿಧಿಸಿದೆ. ರಾಜನ ಹೊಲದಲ್ಲಿ ಮೊಳಕೆ ಹುಸಿಯಾಗಬಾರದೆಂಬುದೇ ಅಲ್ಲಿಯ ಚಿಂತೆ. ಯತಿಯ ಚಿಂತೆ ಇದಕ್ಕೆ ನೇರ ವಿರುದ್ಧ. ಕಾಲಿಟ್ಟ ಕಡೆ ಮೊಳಕೆಗೆ ಘಾತವಾಗಬಾರದು; ಕೈಗೆ ಬಂದ ಆಹಾರದಲ್ಲಿ ಇನ್ನೂ ಬೆಳೆಯಬಲ್ಲ ಅಂಗವಿರಬಾರದು. ಒಣಗಿದ ಭತ್ತದ ಕಾಳು ನೋಡುವುದಕ್ಕೆ ಕಲ್ಲಿನಂತಿದೆ. ಅದು ಜೀವವೋ ಅಜೀವವೋ? ಕಿತ್ತಿಟ್ಟ ಗೆಡ್ಡೆ ಸತ್ತಿದೆಯೋ ಮಲಗಿದೆಯೋ? ಊಟದ ಹೊತ್ತಿಗೆ ಉತ್ತರ ಸಿಗಲೇಬೇಕಾದ ಪ್ರಶ್ನೆಗಳಿವು. ಪ್ರಾಚೀನ ಭಾರತದಲ್ಲಿ ಸಸ್ಯದ ಬದುಕನ್ನು ಇಷ್ಟು ಹತ್ತಿರದಿಂದ ನೋಡುವಂತೆ ಮಾಡಿದ್ದು ಕೃಷಿಯ ಲಾಭ, ವೈದ್ಯನ ಅಗತ್ಯಗಳ ಜೊತೆಗೆ ಈ ಹಿಂಸೆಯ ಅಂಜಿಕೆಯೂ ಹೌದು. ವಿಜ್ಞಾನದ ಇತಿಹಾಸ ಬರೆಯುವವರು ಈ ಮೂರನೆಯ ಪ್ರೇರಣೆಗೆ ಸಾಲದಷ್ಟು ಗಮನ ಕೊಟ್ಟಿದ್ದಾರೆ.

ಆ ಅಂಜಿಕೆ ಎಷ್ಟು ಸೂಕ್ಷ್ಮವಾದ ಪ್ರಶ್ನೆಗಳನ್ನು ಕೇಳಿಸಿತೆಂಬುದಕ್ಕೆ ಶ್ವೇತಾಂಬರ ಆಗಮವಾದ ‘ಭಗವತೀಸೂತ್ರ’ದ ಆರನೆಯ ಶತಕದಲ್ಲಿ ಒಂದು ಪ್ರಸಂಗವಿದೆ. ಕಣಜದಲ್ಲಿ ತುಂಬಿ, ಬಾಯಿ ಮುಚ್ಚಿ, ಮೆತ್ತಿ, ಮುದ್ರೆಯೊತ್ತಿಟ್ಟ ಧಾನ್ಯದ ಮೊಳೆಯುವ ಶಕ್ತಿ ಎಷ್ಟು ಕಾಲ ಉಳಿಯುವುದೆಂದು ಗೌತಮನು ಮಹಾವೀರನನ್ನು ಕೇಳುತ್ತಾನೆ. ಭತ್ತ, ಗೋದಿ, ಜವೆಗಳಿಗೆ ಹೆಚ್ಚೆಂದರೆ 3 ವರ್ಷ. ಹೆಸರು, ಉದ್ದು, ಹುರುಳಿ, ಎಳ್ಳು ಮೊದಲಾದವುಗಳಿಗೆ 5 ವರ್ಷ. ಅಗಸೆ, ಹಾರಕ, ನವಣೆ, ಸಾಸಿವೆ, ಮೂಲಂಗಿಯ ಬೀಜ ಮೊದಲಾದವುಗಳಿಗೆ 7 ವರ್ಷ ಎಂದು ಉತ್ತರ ಬರುತ್ತದೆ. ಆಮೇಲೆ ಯೋನಿ ಕೆಡುತ್ತದೆ, ಬೀಜ ಅಬೀಜವಾಗುತ್ತದೆ. ಹಗೇವಿನಲ್ಲಿ ಜೋಳ ತುಂಬಿ ಮಣ್ಣು ಮೆತ್ತುತ್ತಿದ್ದ ಉತ್ತರ ಕರ್ನಾಟಕದ ಹಿರಿಯರಿಗೆ ಈ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಅಂಕಿಗಳನ್ನು ನಿಸರ್ಗನಿಯಮವೆಂದು ಎತ್ತಿ ಹಿಡಿಯುವುದು ತಪ್ಪು. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯವಿಜ್ಞಾನಿ ಕಳೆಗಿಡಗಳ ಬೀಜಗಳನ್ನು ಸೀಸೆಗಳಲ್ಲಿ ತುಂಬಿ ಹೂಳಿದನು. 2021ರಲ್ಲಿ ಅಗೆದು ತೆಗೆದ ಸೀಸೆಯಿಂದಲೂ ಕೆಲವು ಬೀಜಗಳು ಮೊಳೆತವು. ಇಸ್ರೇಲಿನ ಮಸಾದಾ ಕೋಟೆಯ ಅವಶೇಷಗಳಲ್ಲಿ ಸಿಕ್ಕ, ಸುಮಾರು 2000 ವರ್ಷ ಹಳೆಯದಾದ ಖರ್ಜೂರದ ಬೀಜವೊಂದು 2005ರಲ್ಲಿ ಮೊಳಕೆಯೊಡೆಯಿತು. ಆದರೆ ಅವು ಬೇರೆ ಜಾತಿಯ ಬೀಜಗಳು, ಬೇರೆ ಪರಿಸ್ಥಿತಿ. ಸೂತ್ರ ಹೇಳುತ್ತಿರುವುದು ಸೆಕೆಯ ನಾಡಿನ ಕಣಜದ ಕಾಳಿನ ಮಾತು. ಮೆಚ್ಚಬೇಕಾದುದು ಅಂಕಿಯನ್ನಲ್ಲ; ಬೀಜದ ಆಯುಷ್ಯ ಜಾತಿಯಿಂದ ಜಾತಿಗೆ ಬೇರೆಯಾಗುತ್ತದೆ, ಅದು ಇಟ್ಟ ಬಗೆಯನ್ನು ಹೇಳದೆ ಹೇಳಬರುವಂಥದ್ದಲ್ಲ ಎಂಬ ಎಚ್ಚರವನ್ನು.

ಗೊಮ್ಮಟಸಾರಕ್ಕೆ ಮರಳಿದರೆ, ಹುಟ್ಟಿನ ಪಟ್ಟಿಯ ಬೆನ್ನಿಗೇ ಇನ್ನೊಂದು ವಿಚಾರ ಬರುತ್ತದೆ. ಎಲ್ಲಕ್ಕಿಂತ ಸ್ವಾರಸ್ಯದ ಭಾಗವದು. ಒಂದು ಶರೀರಕ್ಕೆ ಒಬ್ಬನೇ ಜೀವ ಒಡೆಯನಾಗಿದ್ದರೆ ಅದು ಪ್ರತ್ಯೇಕ ವನಸ್ಪತಿ; ಒಂದೇ ಶರೀರದಲ್ಲಿ ಅನಂತ ಜೀವಗಳಿದ್ದರೆ ಸಾಧಾರಣ. ಪ್ರತ್ಯೇಕದಲ್ಲಿಯೂ ಇತರ ಅನಂತ ಜೀವಗಳಿಗೆ ಆಶ್ರಯವಾದುದು ಸಪ್ರತಿಷ್ಠಿತ, ಹಾಗಲ್ಲದ್ದು ಅಪ್ರತಿಷ್ಠಿತ. ಜೀವ ಕಣ್ಣಿಗೆ ಕಾಣುವುದಿಲ್ಲ; ಹಾಗಾದರೆ ಗುರುತಿಸುವುದು ಹೇಗೆ? ಗ್ರಂಥಕಾರರು ಕೈಯಿಂದ ಮಾಡಬಹುದಾದ ಪರೀಕ್ಷೆಗಳನ್ನು ಕೊಡುತ್ತಾರೆ. ನರ, ಸಂದು, ಗಿಣ್ಣುಗಳು ಹೊರಗೆ ಕಾಣದಿರುವುದು. ಮುರಿದರೆ ಎರಡೂ ಹೋಳುಗಳು ಸಮವಾಗಿರುವುದು. ಮುರಿದ ತುಂಡುಗಳ ನಡುವೆ ನಾರಿನ ಎಳೆ ಉಳಿಯದಿರುವುದು. ಕಡಿದರೂ ಮತ್ತೆ ಬೆಳೆಯುವುದು. ಬೇರು, ಗೆಡ್ಡೆ, ತೊಗಟೆ, ಚಿಗುರು, ರೆಂಬೆ, ಎಲೆ, ಹೂ, ಹಣ್ಣು, ಬೀಜ ಯಾವುದಕ್ಕಾದರೂ ಈ ಮುರಿತದ ಪರೀಕ್ಷೆ ಸಲ್ಲುತ್ತದೆ.

ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವ ಗೃಹಿಣಿ ತುದಿಯನ್ನು ಮುರಿದು ನೋಡುತ್ತಾಳೆ. ಟಪ್ಪೆಂದು ಮುರಿದರೆ ಎಳೆಯದು. ನಾರು ಎಳೆದುಕೊಂಡು ಬಾಗಿದರೆ ಬಲಿತದ್ದು. ಗಾಹೆಯ ಪರೀಕ್ಷೆ ಇದೇ. ಎಳೆಯ ಅಂಗದಲ್ಲಿ ಜೀವಕೋಶಗಳ ಭಿತ್ತಿ ತೆಳುವಾಗಿರುತ್ತದೆ, ನೀರು ತುಂಬಿ ಬಿಗಿಯಾಗಿರುತ್ತದೆ. ಅದಕ್ಕೇ ಮುರಿತ ನಯವಾಗಿರುತ್ತದೆ. ಬಲಿತಂತೆ ನೀರು ಸಾಗಿಸುವ ಕೊಳವೆಗಳೂ ಅವುಗಳಿಗೆ ಆಸರೆಯಾದ ನಾರುಗಳೂ ಲಿಗ್ನಿನ್ ತುಂಬಿಕೊಂಡು ಗಟ್ಟಿಯಾಗುತ್ತವೆ. ಹಾಗೆ ಗಟ್ಟಿಯಾದ ಕೋಶಗಳಲ್ಲಿ ಬಹುಪಾಲು ಸತ್ತಿರುತ್ತವೆ. ಅವು ಮತ್ತೆ ವಿಭಜನೆಯಾಗಲಾರವು. ನಾರಿಲ್ಲದೆ ಮುರಿಯುವ ಭಾಗವು ಬದುಕಿರುವ, ಹಲವೆಡೆ ಹೊಸ ಬೆಳವಣಿಗೆಗೆ ಸಿದ್ಧವಾಗಿರುವ ಕೋಶಗಳ ಭಾಗ. ಮೇಲೇಳುತ್ತಿರುವ ಎಳೆಚಿಗುರೆಲ್ಲ ಮೊದಲು ಅನಂತಕಾಯವೇ, ಬೆಳೆದ ಮೇಲೆ ಪ್ರತ್ಯೇಕವಾಗಲೂಬಹುದು ಎಂಬ ‘ಪ್ರಜ್ಞಾಪನಾ’ ಸೂತ್ರದ ಮಾತನ್ನು ಇದರ ಪಕ್ಕದಲ್ಲಿಟ್ಟರೆ, ಸಸ್ಯದ ಅಂಗವೊಂದರ ಸ್ಥಿತಿ ವಯಸ್ಸಿನೊಡನೆ ಬದಲಾಗುತ್ತದೆಂಬುದನ್ನು ಈ ಪರಂಪರೆ ಗಮನಿಸಿತ್ತೆಂಬುದು ಸ್ಪಷ್ಟವಾಗುತ್ತದೆ.

ಇಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು, ಜೀವಕೋಶ ಸಿದ್ಧಾಂತವನ್ನು ಆಚಾರ್ಯರು ಸಾವಿರ ವರ್ಷ ಮೊದಲೇ ಹೇಳಿದ್ದರು ಎನ್ನುವವರಿದ್ದಾರೆ. ಅದು ಗ್ರಂಥಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ನಿಗೋದ ಜೀವವು ಕೋಶವಲ್ಲ. ಅದು ಕರ್ಮಬದ್ಧವಾದ ಆತ್ಮ. ಒಂದೇ ಕೋಶದಿಂದ ಇಡೀ ಗಿಡ ಬೆಳೆಯಬಲ್ಲುದೆಂಬ ಊಹೆಯನ್ನು 1902ರಲ್ಲಿ ಮುಂದಿಟ್ಟವನು ಹಾಬರ್ಲ್ಯಾಂಡ್. 1958ರಲ್ಲಿ ಸ್ಟೂವರ್ಡ್ ಮತ್ತು ಸಂಗಡಿಗರು ಕ್ಯಾರೆಟ್ಟಿನ ಗೆಡ್ಡೆಯಿಂದ ಬಿಡಿಸಿದ ಕೋಶಗಳನ್ನು ಬೆಳೆಸಿ ಗಿಡ ಮಾಡಿದರು. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಎಸ್. ಸಿ. ಮಹೇಶ್ವರಿ ದತ್ತೂರದ ಪರಾಗಕೋಶದಿಂದಲೇ ಭ್ರೂಣಗಳನ್ನು ಪಡೆದರು. ಇದು ಪ್ರಯೋಗಶಾಲೆಯ ದಾರಿ. ಎರಡೂ ದಾರಿಗಳಿಗೆ ಸಮಾನವಾದುದು ‘ಕಡಿದ ತುಂಡು ಮತ್ತೆ ಗಿಡವಾಗುವುದಾದರೆ ಗಿಡವೆಂಬ ಒಂದು ವ್ಯಕ್ತಿ ಎಲ್ಲಿದೆ?’ ಎಂಬ ಬೆರಗು ಮಾತ್ರ. ಕೈಕಾಲು ಕಡಿದರೆ ಪ್ರಾಣಿ ಎರಡಾಗುವುದಿಲ್ಲ, ಕಬ್ಬು ಹತ್ತಾಗುತ್ತದೆ. ಒಂದು ಶರೀರಕ್ಕೆ ಒಂದು ಜೀವವೆಂಬ ಲೆಕ್ಕ ಇಲ್ಲಿ ತೊಡಕಿಗೆ ಸಿಕ್ಕುತ್ತದೆ. ಆ ತೊಡಕನ್ನು ಮುಚ್ಚಿಡದೆ ಅದಕ್ಕೊಂದು ಪರಿಭಾಷೆಯನ್ನೇ ಕಟ್ಟಿದ್ದು ಈ ಆಚಾರ್ಯರ ಹಿರಿಮೆ. ಮೊಳೆಯುವ ಸ್ಥಿತಿಗೆ ಬಂದ ಬೀಜದಲ್ಲಿ ಹಿಂದಿನ ಜೀವವೇ ಮತ್ತೆ ಹುಟ್ಟಬಹುದು, ಬೇರೊಂದು ಬಂದು ಹುಟ್ಟಲೂಬಹುದು ಎಂದು ಅವರು ಎರಡೂ ಬಾಗಿಲುಗಳನ್ನು ತೆರೆದಿಟ್ಟರು.

ಅವರ ನೋಟ ಎಲ್ಲಿ ನಿಂತಿತು ಎಂಬುದನ್ನೂ ಹೇಳಬೇಕು. ಜೈನ ಸಿದ್ಧಾಂತದಂತೆ ಏಕೇಂದ್ರಿಯಗಳೆಲ್ಲ ಸಮ್ಮೂರ್ಛನ ಜನ್ಮದವು, ನಪುಂಸಕವೇದದವು. ಆದ್ದರಿಂದ ಹೂವಿನಲ್ಲಿ ಗಂಡುಹೆಣ್ಣಿನ ಕೂಟವುಂಟೆಂಬ ಯೋಚನೆಗೆ ಅಲ್ಲಿ ಎಡೆಯಿರಲಿಲ್ಲ. ತಾಳೆಯ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಾಯಿ ಬಿಡುವುದು ಹೆಣ್ಣು ಮಾತ್ರ. ಈಚಲಿನದೂ ಹಾಗೆಯೇ. ಇವು ಊರ ಹೊರಗೇ ನಿಂತ ಮರಗಳು, ಹೆಂಡ ಇಳಿಸುವವನಿಗೆ ಗೊತ್ತಿದ್ದ ಸಂಗತಿ. ತಾಳೆಯ ಜಾತಿಯ ಗರಿಗಳ ಮೇಲೆಯೇ ಶಾಸ್ತ್ರ ಬರೆದವರಿಗೆ ಆ ಮರದ ಈ ಗುಟ್ಟು ಶಾಸ್ತ್ರದ ವಿಷಯವಾಗಲಿಲ್ಲ. ಸಿದ್ಧಾಂತವು ಒಂದೆಡೆ ಕಣ್ಣನ್ನು ಹರಿತ ಮಾಡಿತು, ಇನ್ನೊಂದೆಡೆ ರೆಪ್ಪೆ ಮುಚ್ಚಿಸಿತು. ಯೂರೋಪಿನಲ್ಲಿಯೂ ಪರಾಗವಿಲ್ಲದೆ ಫಲವತ್ತಾದ ಬೀಜ ಕಟ್ಟದೆಂದು ಕ್ಯಾಮರೇರಿಯಸ್ ಪ್ರಯೋಗದಿಂದ ತೋರಿಸಿದ್ದು 1694ರಷ್ಟು ತಡವಾಗಿ ಎಂಬುದು ಬೇರೆ ಮಾತು.

ಸಸ್ಯವು ಸುತ್ತಲಿನ ಲೋಕಕ್ಕೆ ಹೇಗೆ ಸ್ಪಂದಿಸುತ್ತದೆಂಬುದು ಮುಂದಿನ ತಾರ್ಕಿಕರಿಗೆ ವಾದದ ವಸ್ತುವಾಯಿತು. ಹರಿಭದ್ರರ ‘ಷಡ್ದರ್ಶನಸಮುಚ್ಚಯ’ಕ್ಕೆ ಟೀಕೆ ಬರೆದ ಗುಣರತ್ನರು ಮುಟ್ಟಿದರೆ ಮುದುಡುವುದು, ಎಲೆಗಳು ನಿದ್ರಿಸಿ ಎಚ್ಚರಗೊಳ್ಳುವುದು, ಬಳ್ಳಿ ಆಸರೆಯತ್ತ ಸಾಗುವುದು ಇವನ್ನೆಲ್ಲ ಸಸ್ಯದ ಚೈತನ್ಯಕ್ಕೆ ಸಾಕ್ಷಿಯಾಗಿ ತರುತ್ತಾರೆ. ಅದೇ ಉಸಿರಿನಲ್ಲಿ ತರುಣಿಯ ಕಾಲೊದೆತದಿಂದ ಅಶೋಕ ಹೂಬಿಡುವ ಕವಿಸಮಯವೂ ಸಾಕ್ಷಿಯ ಸಾಲಿಗೆ ಸೇರಿಬಿಡುತ್ತದೆ! ಗೊಮ್ಮಟಸಾರದ ಮುರಿತದ ಪರೀಕ್ಷೆಯ ಬಿಗಿ ಇಲ್ಲಿಲ್ಲ.

ಗೊಮ್ಮಟಸಾರದ ಈ ಗಾಹೆಗಳು ಮುಂದಿನವರಿಗೆ ಅರ್ಥವಾದದ್ದು ಕನ್ನಡದ ಮೂಲಕ. 1359ರಲ್ಲಿ ಕೇಶವವರ್ಣಿಯು ‘ಜೀವತತ್ತ್ವಪ್ರದೀಪಿಕೆ’ ಎಂಬ ವಿಸ್ತಾರವಾದ ಕನ್ನಡ ವೃತ್ತಿಯನ್ನು ಬರೆದು ಮುಗಿಸಿದನು. ಅದನ್ನು ಆಧರಿಸಿ ಮತ್ತೊಬ್ಬ ನೇಮಿಚಂದ್ರನು ಅದೇ ಹೆಸರಿನ ಸಂಸ್ಕೃತ ಟೀಕೆಯನ್ನು ರಚಿಸಿದನು. ಹದಿನೆಂಟನೆಯ ಶತಮಾನದಲ್ಲಿ ಜೈಪುರದ ಪಂಡಿತ ಟೋಡರಮಲ್ಲನು ಆ ಸಂಸ್ಕೃತ ಟೀಕೆಯ ಬೆಳಕಿನಲ್ಲಿ ಢೂಂಢಾಡಿ ಭಾಷೆಯಲ್ಲಿ ವಚನಿಕೆ ಬರೆದನು; ಉತ್ತರದ ಶ್ರಾವಕರು ಓದಿದ್ದು ಅದನ್ನು. ಹೀಗೆ ಕನ್ನಡದಲ್ಲಿ ಬಿಡಿಸಿದ ಅರ್ಥವು ಎರಡು ಭಾಷೆ ದಾಟಿ ರಾಜಸ್ಥಾನ ಸೇರಿತು. ದಾರಿಯಲ್ಲಿ ಮೂಲದ ಗುರುತು ಮಸುಕಾಗಿ, ಸಂಸ್ಕೃತ ಟೀಕೆಯೇ ಕೇಶವವರ್ಣಿಯದೆಂಬ ನಂಬಿಕೆ ವಿದ್ವಾಂಸರಲ್ಲಿಯೂ ಬೇರೂರಿತು. ಅದನ್ನು ತಿದ್ದಿದವರು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು. ಕೈಲಾಶಚಂದ್ರ ಶಾಸ್ತ್ರಿಗಳೊಡನೆ ಅವರು ಸಂಪಾದಿಸಿದ ಆವೃತ್ತಿಯನ್ನು ಭಾರತೀಯ ಜ್ಞಾನಪೀಠವು ಪ್ರಕಟಿಸಿದಾಗ ಕನ್ನಡ ವೃತ್ತಿಯು ಸಂಸ್ಕೃತ ಟೀಕೆಯ ಜೊತೆಯಲ್ಲಿಯೇ, ತನ್ನ ಕರ್ತೃವಿನ ಹೆಸರಿನಲ್ಲಿ ಅಚ್ಚಾಯಿತು. ಉಪಾಧ್ಯೆಯವರು 1975ರಲ್ಲಿಯೇ ತೀರಿಕೊಂಡಿದ್ದರು. ಜೀವಕಾಂಡದ ಸಂಪುಟ ಹೊರಬಂದದ್ದು 1978ರಲ್ಲಿ.