ಇಂಗ್ಲಿಷ್ ಉಪವಾಕ್ಯದಲ್ಲಿ ‘ಹ್ಯಾಡ್’ನ ಮೊಟಕು ರೂಪ

“ದ ಬಸ್ ಲೆಫ್ಟ್ ಬಿಫೋರ್ ಐ’ಡ್ ಬಾಟ್ ಮೈ ಟಿಕೆಟ್.” ನಾನು ಟಿಕೆಟ್ ಕೊಳ್ಳುವ ಮೊದಲೇ ಬಸ್ಸು ಹೊರಟುಬಿಟ್ಟಿತು. ಇಲ್ಲಿ ‘ಐ’ಗೆ ಅಂಟಿಕೊಂಡಿರುವ ಅಪಾಸ್ಟ್ರಫಿ ಮತ್ತು ‘ಡಿ’ ಅಕ್ಷರ ‘ಹ್ಯಾಡ್’ ಎಂಬ ಸಹಾಯಕ ಕ್ರಿಯಾಪದದ ಉಳಿಕೆ. ಈ ‘ಹ್ಯಾಡ್’ ಜೊತೆಗೆ ಕ್ರಿಯಾಪದದ ಮೂರನೆಯ ರೂಪ ಸೇರಿದರೆ ಪಾಸ್ಟ್ ಪರ್ಫೆಕ್ಟ್. ನಮ್ಮ ತರಗತಿಗಳಲ್ಲಿ ಇದನ್ನು ‘ಹ್ಯಾಡ್ ಪ್ಲಸ್ ವಿ ತ್ರೀ’ ಎಂದು ಬಾಯಿಪಾಠ ಮಾಡಿಸುತ್ತಾರೆ. ಸೂತ್ರದಲ್ಲಿ ತಪ್ಪಿಲ್ಲ. ಆದರೆ ಇಂಗ್ಲಿಷ್ ತಾಯ್ನುಡಿಯಾದವರ ಸಹಜ ಮಾತಿನಲ್ಲಿ, ಅದರಲ್ಲೂ ಸರ್ವನಾಮದ ಪಕ್ಕದಲ್ಲಿ, ಆ ‘ಹ್ಯಾಡ್’ ಇಡಿಯಾಗಿ ಕೇಳಿಸುವುದು ಅಪರೂಪ. ಪುಸ್ತಕದ ರೂಪವನ್ನಷ್ಟೇ ಕಲಿತ ಕಿವಿಗೆ ಅದು ಬಂದುಹೋದದ್ದೇ ತಿಳಿಯುವುದಿಲ್ಲ.

ಉಪವಾಕ್ಯದಲ್ಲೇ ಏಕೆ ಹೆಚ್ಚು

ಪಾಸ್ಟ್ ಪರ್ಫೆಕ್ಟ್ ಒಂಟಿಯಾಗಿ ನಿಲ್ಲುವ ಕಾಲವಲ್ಲ. ನಡೆದುಹೋದ ಒಂದು ಘಟನೆಯ ಹತ್ತಿರ ನಿಂತು, ಅಲ್ಲಿಂದ ಇನ್ನೂ ಹಿಂದಕ್ಕೆ ನೋಡುವ ರೂಪ ಅದು. ನಿಲ್ಲುವ ಜಾಗವನ್ನು ಸಾಮಾನ್ಯವಾಗಿ ಪ್ರಧಾನ ವಾಕ್ಯ ಕೊಡುತ್ತದೆ, ಹಿಂದಿನ ಸಂಗತಿ ಉಪವಾಕ್ಯಕ್ಕೆ ಸೇರುತ್ತದೆ. ಆದ್ದರಿಂದಲೇ ಆಫ್ಟರ್, ವೆನ್, ಬಿಕಾಸ್, ಇಫ್, ಅನ್‌ಟಿಲ್ ಮುಂತಾದ ಪದಗಳ ಬೆನ್ನಿಗೇ ‘ಐ’ಡ್’, ‘ಹೀ’ಡ್’, ‘ದೇ’ಡ್’ಗಳು ಮೇಲಿಂದ ಮೇಲೆ ಸಿಗುತ್ತವೆ. ಕಥೆ, ಕಾದಂಬರಿಗಳಲ್ಲಿ ಈ ಕಾಲದ ಬಳಕೆ ಹೆಚ್ಚಿರುವುದಕ್ಕೂ ಇದೇ ಕಾರಣ. ಕಥೆ ಹೇಳುವವರು ಮುಂದೆ ಸಾಗುತ್ತಲೇ ಹಿಂದಿನದನ್ನೂ ತಿಳಿಸುತ್ತಿರಬೇಕು.

‘ಆಫ್ಟರ್’ ಇದ್ದಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಆ ಪದವೇ ಹೇಳಿಬಿಡುತ್ತದೆ. ‘ಆಫ್ಟರ್ ಹೀ ಲೆಫ್ಟ್’ ಎಂದರೂ ‘ಆಫ್ಟರ್ ಹೀ’ಡ್ ಲೆಫ್ಟ್’ ಎಂದರೂ ನಡೆಯುತ್ತದೆ. ‘ವೆನ್’ ಹಾಗಲ್ಲ. “ವೆನ್ ಹೀ ಸ್ಪೋಕ್, ವೀ ಕ್ಲ್ಯಾಪ್ಡ್” ಎಂದರೆ ಅವನು ಮಾತಾಡುತ್ತಿದ್ದಾಗಲೇ ಚಪ್ಪಾಳೆ ಬಿದ್ದಿರಬಹುದು. “ವೆನ್ ಹೀ’ಡ್ ಸ್ಪೋಕನ್, ವೀ ಕ್ಲ್ಯಾಪ್ಡ್” ಎಂದಾಗ ಭಾಷಣ ಮುಗಿದಿದೆ, ಚಪ್ಪಾಳೆ ಅದರ ನಂತರದ್ದು. ಇಷ್ಟು ದೊಡ್ಡ ವ್ಯತ್ಯಾಸವನ್ನು ಹೊತ್ತಿರುವುದು ಆ ‘ಡ್’ ಮತ್ತು ಮೂರನೆಯ ರೂಪ ಎರಡೇ.

‘ಬಿಫೋರ್’ನ ಸಂಗತಿ ಇನ್ನೂ ಸ್ವಾರಸ್ಯದ್ದು. ಮೊದಲು ನಡೆದದ್ದಕ್ಕೆ ಪಾಸ್ಟ್ ಪರ್ಫೆಕ್ಟ್, ಆಮೇಲೆ ನಡೆದದ್ದಕ್ಕೆ ಸಿಂಪಲ್ ಪಾಸ್ಟ್ ಎಂದು ಶಾಲೆಯ ವ್ಯಾಕರಣ ಹೇಳುತ್ತದೆ. ಮೇಲಿನ ಬಸ್ಸಿನ ವಾಕ್ಯ ಇದಕ್ಕೆ ಒಗ್ಗುವುದಿಲ್ಲ. ಬಸ್ಸು ಹೊರಟದ್ದು ಮೊದಲು, ಅದಕ್ಕೆ ಸಿಂಪಲ್ ಪಾಸ್ಟ್ ಬಂದಿದೆ. ಟಿಕೆಟ್ ಕೊಳ್ಳುವುದು ಆಗಿಯೇ ಇಲ್ಲ, ಅದಕ್ಕೆ ಪಾಸ್ಟ್ ಪರ್ಫೆಕ್ಟ್ ಬಂದಿದೆ. ಆದರೂ ವಾಕ್ಯ ಪೂರ್ತಿ ಸರಿ. ‘ಬಿಫೋರ್’ನ ಬಳಿ ಈ ರೂಪ ಹೇಳುವುದು ಕೆಲಸ ಮುಗಿದಿರಲಿಲ್ಲ ಎಂಬುದನ್ನು. ಹಿಂದು ಮುಂದಿನ ಲೆಕ್ಕದ ಜೊತೆಗೆ ಮುಗಿದಿತ್ತೇ, ಇಲ್ಲವೇ ಎಂಬುದನ್ನೂ ಪಾಠದಲ್ಲಿ ಸೇರಿಸಿದರೆ ಮಕ್ಕಳ ಅರ್ಧ ಗೊಂದಲ ಕಳೆಯುತ್ತದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮ ‘ಹೋಗಿದ್ದೆ’ ದಾರಿ ತಪ್ಪಿಸುವ ಕಡೆ

ಕನ್ನಡದಲ್ಲಿ ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂದು ಸಲೀಸಾಗಿ ಹೇಳುತ್ತೇವೆ. ಹೋಗಿ ಬಂದದ್ದಾಯಿತು ಎಂಬ ಅರ್ಥ ಅದರಲ್ಲೇ ಇದೆ, ಎರಡನೆಯ ಘಟನೆ ಬೇಕಿಲ್ಲ. ಇದನ್ನೇ ಪದಕ್ಕೆ ಪದ ಇಟ್ಟು “ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ” ಎಂದರೆ, ಕೇಳುವ ಇಂಗ್ಲಿಷರು ‘ಹೋಗಿದ್ದೆ, ಅಷ್ಟರಲ್ಲಿ ಏನಾಯಿತು?’ ಎಂದು ಕಾಯುತ್ತಾರೆ. ಅಲ್ಲಿ “ಐ ವೆಂಟ್” ಸಾಕು. ಈ ಬಳಕೆ ಕನ್ನಡಿಗರದಷ್ಟೇ ಅಲ್ಲ, ಭಾರತದ ಇಂಗ್ಲಿಷಿನಲ್ಲೆಲ್ಲ ಇದೆ.

ಅನ್ಯರ ಮಾತನ್ನು ವರದಿ ಮಾಡುವಾಗ ಎಡವುವುದು ಇದಕ್ಕೆ ತದ್ವಿರುದ್ಧವಾಗಿ. ‘ಊಟ ಆಗಿದೆ ಅಂದಳು’ ಎನ್ನುವಾಗ ಅವಳ ಮಾತಿನ ಕಾಲವನ್ನು ನಾವು ಮುಟ್ಟುವುದೇ ಇಲ್ಲ. ಇಂಗ್ಲಿಷಿನಲ್ಲಿ “ಶೀ ಸೆಡ್ ಶೀ’ಡ್ ಈಟನ್” ಎಂದು ಒಂದು ಹೆಜ್ಜೆ ಹಿಂದೆ ಸರಿಸಬೇಕು. ಬೇಡದ ಕಡೆ ‘ಹ್ಯಾಡ್’ ತಂದು, ಬೇಕಾದ ಕಡೆ ಬಿಡುವ ನಮ್ಮ ರೂಢಿಯ ಬೇರು ಇಲ್ಲಿದೆ.

ಕನ್ನಡವೇ ಕೈಹಿಡಿಯುವ ಜಾಗಗಳೂ ಇವೆ. ‘ಅವಳು ಬರೆದಿದ್ದ ಪತ್ರ’ ಎಂಬುದು “ದ ಲೆಟರ್ ಶೀ’ಡ್ ರಿಟನ್” ಎಂಬುದಕ್ಕೆ ಸರಿಯಾಗಿ ಹೊಂದುತ್ತದೆ. ‘ನೀನು ಹೇಳಿದ್ದರೆ ಬರುತ್ತಿದ್ದೆ’ ಎಂಬುದರ ‘ಹೇಳಿದ್ದರೆ’ಗೆ “ಇಫ್ ಯೂ’ಡ್ ಟೋಲ್ಡ್ ಮೀ” ಸಮ. ಅದನ್ನು “ಇಫ್ ಯೂ ಟೋಲ್ಡ್ ಮೀ” ಎಂದರೆ ‘ಹೇಳಿದರೆ’ ಆಗಿಬಿಡುತ್ತದೆ, ಹೇಳಲೇ ಇಲ್ಲವಲ್ಲ ಎಂಬ ಕೊರಗು ಹೋಗಿಬಿಡುತ್ತದೆ. ‘ಹೇಳಿದರೆ’, ‘ಹೇಳಿದ್ದರೆ’ ಎರಡನ್ನೂ ಎಂದೂ ಬೆರೆಸದ ಕನ್ನಡದ ಮಗುವಿಗೆ ಇದನ್ನು ಕಲಿಸಲು ಬೇರೆ ಸೂತ್ರ ಬೇಕಿಲ್ಲ.

‘ಹ್ಯಾಡ್’ ಆಗಿರಬಹುದು, ‘ವುಡ್’ ಆಗಿರಬಹುದು

ಇದೇ ‘ಡ್’ ‘ವುಡ್’ನ ಮೊಟಕು ರೂಪವೂ ಹೌದು. “ಇಫ್ ಐ’ಡ್ ನೋನ್, ಐ’ಡ್ ಹ್ಯಾವ್ ಕಮ್” ಎಂಬ ವಾಕ್ಯದಲ್ಲಿ ಮೊದಲನೆಯದು ‘ಹ್ಯಾಡ್’, ಎರಡನೆಯದು ‘ವುಡ್’. ಗುರುತಿಸುವ ಬಗೆ ಸುಲಭ. ಮುಂದೆ ಮೂರನೆಯ ರೂಪ ಬಂದರೆ ‘ಹ್ಯಾಡ್’, ಮೂಲ ರೂಪ ಬಂದರೆ ‘ವುಡ್’. ಕಮ್, ರನ್, ಪುಟ್, ಕಟ್ ಮುಂತಾದವುಗಳಲ್ಲಿ ಆ ಎರಡು ರೂಪಗಳೂ ಒಂದೇ ಆಗಿರುವುದರಿಂದ ಅಲ್ಲಿ ಮಾತ್ರ ಈ ಉಪಾಯ ಸೋಲುತ್ತದೆ. “ಹೀ ಸೆಡ್ ಹೀ’ಡ್ ಕಮ್” ಎಂಬುದು ‘ಬಂದಿದ್ದೇನೆ ಅಂದ’ ಎಂದೂ ಆಗಬಹುದು, ‘ಬರ್ತೀನಿ ಅಂದ’ ಎಂದೂ ಆಗಬಹುದು. ಅಕ್ಕಪಕ್ಕದ ಮಾತನ್ನು ನೋಡಿಯೇ ತೀರ್ಮಾನಿಸಬೇಕು. “ಯೂ’ಡ್ ಬೆಟರ್ ಗೋ” ಎಂಬಲ್ಲಿಯೂ ಇರುವುದು ‘ಹ್ಯಾಡ್’, ಆದರೆ ಅದು ಪಾಸ್ಟ್ ಪರ್ಫೆಕ್ಟ್ ಅಲ್ಲ.

ಮೊಟಕಾಗದ ಸ್ಥಳಗಳು

ಒತ್ತು ಬೀಳುವ ‘ಹ್ಯಾಡ್’ ಮೊಟಕಾಗದು. “ಶೀ’ಡ್ ರೆಡ್ ಮೋರ್ ಬುಕ್ಸ್ ದ್ಯಾನ್ ಐ ಹ್ಯಾಡ್” ಎಂಬ ವಾಕ್ಯದ ಕೊನೆಯಲ್ಲಿ ‘ಐ’ಡ್’ ಎಂದು ನಿಲ್ಲಿಸುವಂತಿಲ್ಲ. ಅಲ್ಲಿ ‘ರೆಡ್’ ಎಂಬ ಮುಖ್ಯ ಕ್ರಿಯಾಪದ ಲೋಪವಾಗಿದೆ, ಅದರ ಭಾರವೆಲ್ಲ ‘ಹ್ಯಾಡ್’ ಮೇಲಿದೆ. ‘ಇಫ್’ ಬಿಟ್ಟು “ಹ್ಯಾಡ್ ಐ ನೋನ್” ಎಂದು ಶುರು ಮಾಡಿದಾಗಲೂ ಅದು ಇಡಿಯಾಗಿಯೇ ಇರಬೇಕು.

‘ನನ್ನ ಬಳಿ ಇತ್ತು’ ಎಂಬರ್ಥದ ‘ಹ್ಯಾಡ್’ ಇಂದಿನ ಮಾತಿನಲ್ಲಿ ಸಾಮಾನ್ಯವಾಗಿ ಮೊಟಕಾಗುವುದಿಲ್ಲ. ಹೀಗಾಗಿ “ಆಫ್ಟರ್ ವೀ’ಡ್ ಹ್ಯಾಡ್ ಲಂಚ್” ಎಂಬಲ್ಲಿ ಮೊದಲನೆಯದು ಸಹಾಯಕ, ಕುಗ್ಗಿದೆ. ಎರಡನೆಯದು ಮುಖ್ಯ ಕ್ರಿಯಾಪದ, ಹಾಗೇ ಉಳಿದಿದೆ. ‘ಹ್ಯಾಡ್ ಹ್ಯಾಡ್’ ಎಂದು ಎರಡು ಸಲ ಬರೆಯಲು ಹೆದರುವವರು ಇದನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು. ನಿಷೇಧದಲ್ಲಿ ಹೆಚ್ಚಾಗಿ ‘ಐ ಹ್ಯಾಡ್ನ್ಟ್ ಸೀನ್’ ಎನ್ನುತ್ತಾರೆ, ‘ಐ’ಡ್ ನಾಟ್ ಸೀನ್’ ಕಡಿಮೆ.

ಬರಹಕ್ಕೆ ಬಂದ ಬಗೆ

ಅಪಾಸ್ಟ್ರಫಿ ಇಂಗ್ಲಿಷ್ ಮುದ್ರಣಕ್ಕೆ ಬಂದದ್ದು 16ನೇ ಶತಮಾನದಲ್ಲಿ, ಬಿಟ್ಟುಹೋದ ಅಕ್ಷರದ ಗುರುತಾಗಿ. ಆಗ ಅಪಾಸ್ಟ್ರಫಿ-ಡಿ ಬೇರೊಂದು ಕೆಲಸವನ್ನೂ ಮಾಡುತ್ತಿತ್ತು. ಕ್ರಿಯಾಪದದ ಕೊನೆಯ ‘ಇಡಿ’ಯಲ್ಲಿ ಸ್ವರ ಲೋಪವಾದಾಗ ಅದನ್ನೂ ಹೀಗೆಯೇ ಬರೆಯುತ್ತಿದ್ದರು. ಜೊನಾಥನ್ ಸ್ವಿಫ್ಟ್ 1712ರಲ್ಲಿ ಇಂಗ್ಲಿಷನ್ನು ತಿದ್ದಿ ಸ್ಥಿರಗೊಳಿಸಬೇಕೆಂದು ಪ್ರಕಟಿಸಿದ ಪ್ರಸ್ತಾವದಲ್ಲಿ, ಹೀಗೆ ಸ್ವರ ನುಂಗಿ ವ್ಯಂಜನಗಳನ್ನು ಒತ್ತರಿಸುವ ಕವಿಗಳನ್ನು ಕಟುವಾಗಿ ಟೀಕಿಸಿದ್ದ. ಇಂದು ‘ಇಡಿ’ಯನ್ನು ಪೂರ್ತಿಯಾಗಿ ಬರೆಯುತ್ತಾರೆ, ಅಪಾಸ್ಟ್ರಫಿ-ಡಿ ಮುಖ್ಯವಾಗಿ ‘ಹ್ಯಾಡ್’ ಮತ್ತು ‘ವುಡ್’ಗೆ ಉಳಿದಿದೆ.

ಪತ್ರ, ಸಂಭಾಷಣೆ, ಕಥೆಗಳಲ್ಲಿ ಮೊಟಕು ರೂಪಕ್ಕೆ ಅಡ್ಡಿಯಿಲ್ಲ. ಕಚೇರಿಯ ಅರ್ಜಿ, ಸಂಶೋಧನಾ ಪ್ರಬಂಧಗಳಲ್ಲಿ ಇಡಿಯಾಗಿ ಬರೆಯುವುದೇ ವಾಡಿಕೆ. ‘ರವಿ’ಡ್ ಗಾನ್’ ಎಂದು ಹೆಸರಿಗೆ ಅಂಟಿಸುವುದು ಬಾಯಲ್ಲಿ ಸಹಜ, ಬರಹದಲ್ಲಿ ವಿರಳ.

ಕಿವಿಗೆ ಬೀಳುವುದೆಷ್ಟು

‘ಹೀ’ಡ್’ ಒಂದೇ ಉಸಿರಿನ ‘ಹೀಡ್’, ‘ವೀ’ಡ್’ ಅದೇ ರೀತಿ ‘ವೀಡ್’. ‘ಇಟ್’ ಮುಂದೆ ಮಾತ್ರ ನಡುವೆ ಒಂದು ಸಣ್ಣ ಸ್ವರ ಹುಟ್ಟಿ ‘ಇಟಡ್’ ಎಂಬಂತೆ ಕೇಳುತ್ತದೆ. ಕಷ್ಟವಾಗುವುದು ಮುಂದಿನ ಪದ ‘ಟ’ ಅಥವಾ ‘ಡ’ ಸದ್ದಿನಿಂದ ಶುರುವಾದಾಗ. ವೇಗದ ಮಾತಿನಲ್ಲಿ ‘ಐ’ಡ್ ಟಾಕ್ಟ್’ ಮತ್ತು ‘ಐ ಟಾಕ್ಟ್’ ಹೆಚ್ಚುಕಡಿಮೆ ಒಂದೇ. ಎರಡನೆಯ, ಮೂರನೆಯ ರೂಪಗಳೂ ಒಂದೇ ಆಗಿರುವುದರಿಂದ ಅಲ್ಲಿ ಬೇರೆ ಸುಳಿವಿಲ್ಲ. ‘ಐ’ಡ್ ಟೇಕನ್’ ಎಂದರೆ ‘ಡ್’ ಮುಳುಗಿಹೋದರೂ ‘ಟೇಕನ್’ ಅದನ್ನು ಹೇಳಿಬಿಡುತ್ತದೆ. ಹಾಗಾಗಿ ಆಲಿಸುವ ಅಭ್ಯಾಸವನ್ನು ಗಾನ್, ಸೀನ್, ರಿಟನ್, ಟೇಕನ್‌ಗಳಂತಹ ಬೇರೆಯೇ ಮೂರನೆಯ ರೂಪವಿರುವ ಕ್ರಿಯಾಪದಗಳಿಂದ ಶುರು ಮಾಡಿ, ‘ಆಫ್ಟರ್’, ‘ವೆನ್’, ‘ಇಫ್’ ಕೇಳಿದ ಕೂಡಲೇ ಮುಂದಿನ ಸರ್ವನಾಮದ ತುದಿಗೆ ಕಿವಿಗೊಡುವುದು ಒಳ್ಳೆಯದು. ‘ಟಾಕ್ಟ್’, ‘ಟ್ರೈಡ್’ಗಳ ಸರದಿ ಆಮೇಲೆ ಬರಲಿ.